ಕನಕಾಂಬರ ಮುಟ್ಟದ ಇಲಿಗಳು

ಬಲು ಹಿಂದೆ, ಗುಡ್ಡದ ಮೇಲೆ ಗುಡ್ಡ ದಾಟಿದ್ರೆ ಸಿಗೋ ಕಡೆ, ಕಪ್ಪರಗಿರಿ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಯಾವುದಕ್ಕೂ ವಾಸ್ನೆ ಇರ್ಲಿಲ್ಲ. ಹುರಿದ ಕಡ್ಲೆಕಾಯಿಗೆ ವಾಸ್ನೆ ಇಲ್ಲ. ಮಳೆ ಬಿದ್ದ ಮಣ್ಣಿಗೆ ವಾಸ್ನೆ ಇಲ್ಲ. ತಾಯಿ ಎತ್ಕೊಂಡ ಎಳೆಕೂಸಿಗೂ ಇಲ್ಲ. ಜನ ಉಣ್ಣೋರು, ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸುಮ್ನೆ ಕೂರೋರು. ನಗೋದೇ ಮರ್ತು ಹೋಗಿತ್ತು. ಸುಳ್ಳು ಅನ್ನೋರು ಈಗ್ಲೇ ಎದ್ದು ಹೋಗಿ. ಈ ಕತೆನ ನನ್ನಷ್ಟು ಸರಿಯಾಗಿ ಹೇಳೋ ಗಂಡು ಇನ್ನೂ ಹುಟ್ಟಿಲ್ಲ.

ವಾಸ್ನೆ ಉಳ್ದಿದ್ದು ಒಂದೇ ಕಡೆ, ಕೋಟೆ ಹಿಂದಿನ ಹೂದೋಟದಲ್ಲಿ. ಅದನ್ನ ನೋಡ್ಕೊಳ್ಳೋಳು ಹೂಗಾರರ ದೇವೀರಿ. ಮೊದ್ಲು ಅವಳಪ್ಪ ಜವರಯ್ಯ ನೋಡ್ಕೊಂತಿದ್ದ. ಒಂದು ಸಂಜೆ ಬುಟ್ಟಿ ಹೊತ್ಕೊಂಡು ಅರಮನೆಗೆ ಹೋದೋನು, ಅವನಿಗೂ ಮುಂಚಿನ ಹೂಗಾರರಂಗೇ, ತಿರುಗಿ ಬರ್ಲಿಲ್ಲ. ಮಾರನೇ ದಿನ ಅರಮನೆ ಆಳು ಬಂದು, "ಇನ್ಮೇಲೆ ಹೂವ ನೀನೇ ತರ್ಬೇಕಂತೆ" ಅಂದ. ಅಷ್ಟೇ.

ರಾಜ ಹಾಸಿಗೆ ಹಿಡಿದಿದ್ದ. ದರ್ಬಾರೆಲ್ಲ ಪಾರುಪತ್ಯಗಾರ ಮಸಣಯ್ಯಂದು. ದಿನಾ ಸಂಜೆ ದೇವ್ರಿಗೆ ಅಂತ ಹೂವ ಇಸ್ಕೊಳ್ಳೋನೂ ಅವನೇ. ದೇವ್ರ ಹೂವ ಮೂಸ್ಬಾರ್ದು ಅನ್ನೋದನ್ನ ಹೂಗಾರರ ಮಕ್ಕಳು ನಡೆಯೋಕೆ ಮುಂಚೆ ಕಲೀತವೆ. ಬುಟ್ಟಿ ಎತ್ತೋವಾಗ ದೇವೀರಿ ಮೂಗಿಗೆ ಸೆರಗು ಸುತ್ಕೊಳ್ಳೋಳು. ಮಸಣಯ್ಯ ಮಾತ್ರ ಬುಟ್ಟಿ ಒಳಗೆ ಮೂತಿ ತೂರ್ಸಿ ಉಸಿರು ಎಳ್ಕೊಳ್ಳೋನು. ಎತ್ತು ನೀರು ಕುಡ್ದಂಗೆ ಸದ್ದು ಬರೋದು. ಆಮೇಲೆ ಹೂವಿನ ಬಣ್ಣ ಹಂಗೇ ಇರೋದು, ವಾಸ್ನೆ ಇರ್ತಿರ್ಲಿಲ್ಲ.

ಹಿಂಗಿರುವಾಗ ತೋಟಕ್ಕೆ ಇಲಿ ಬಿದ್ವು.

ಅಂತಿಂಥ ಇಲಿ ಅಲ್ಲ, ಕಾಡಿಲಿ, ಹೆಗ್ಗಣ. ನಡುಮಧ್ಯಾಹ್ನ ಬರೋವು, ನೆರಳೇ ಇಲ್ದೆ ಬರೋವು. ಹಿಂಗಾಲ ಮೇಲೆ ನಿಂತು ಮೊಗ್ಗು ತರಿಯೋವು, ದೇವೀರಿ ತಲೆ ಮೇಲೆ ಉದುರ್ಸಿ ಕಿಸಿಕಿಸಿ ಅನ್ನೋವು. ಒಂದು ಅವಳ ಜಡೆ ಜಗ್ಗೋದು, ಇನ್ನೊಂದು ಕುಡುಗೋಲು ಬಚ್ಚಿಡೋದು. ಮಲ್ಲಿಗೆ ಹೋಯ್ತು, ಸಂಪಿಗೆ ಹೋಯ್ತು, ಸುಗಂಧರಾಜ ಹೋಯ್ತು. ಬೇಲಿ ಸಾಲಿನ ಕನಕಾಂಬರ ಮಾತ್ರ ಒಂದೆಸಳೂ ಮುಕ್ಕಾಗಿರ್ಲಿಲ್ಲ. ಆದ್ರೆ ಆ ಹೂವ ಅರಮನೆ ಬುಟ್ಟಿಗೆ ನಡೀತಿರ್ಲಿಲ್ಲ.

ಆ ಸಂಜೆ ಬುಟ್ಟಿ ಬರಿದು.

"ಏನ್ ದೇವೀರಿ, ಬುಟ್ಟಿ ಹಗುರ ಐತಲ್ಲಮ್ಮಿ" ಅಂದ ಮಸಣಯ್ಯ.

"ಇಲಿ ಕಾಟ, ಬುದ್ದಿ."

"ನಿಮ್ಮಪ್ಪನೂ ಇದನ್ನೇ ಹೇಳ್ದ." ಅವಳ ಹತ್ರ ಬಂದು ಕತ್ತಿನ ಪಕ್ಕ ಮೆಲ್ಲಗೆ ಉಸಿರೆಳೆದ. "ಇನ್ನೆರಡು ಸಂಜೆ ನೋಡ್ತೀನಿ. ಮೂರನೇದಕ್ಕೂ ಬರಿಗೈ ಆದ್ರೆ ನೀನೂ ಅವನು ಹೋದ ಕಡೆಗೇ."

ಬೆಳಗಾಗ್ತಲೇ ದೇವೀರಿ ತೋಟದ ಸುತ್ತ ಜಾಲಿಮುಳ್ಳು ಹೆಟ್ಟಿದ್ಲು. ಮಧ್ಯಾಹ್ನ ಇಲಿ ಬಂದ್ವು. ಒಂದೊಂದೇ ಮುಳ್ಳು ಕಿತ್ತು, ಸೌದೆ ಹೊರೆ ಕಟ್ಟಿದಂಗೆ ಕಟ್ಟಿ, ಪಕ್ಕಕ್ಕಿಟ್ಟು ಒಳಗೆ ಬಂದ್ವು. ರೇಗಿದ ದೇವೀರಿ ಬಿಲಕ್ಕೆ ಒಣಮೆಣಸಿನಕಾಯಿ ಹೊಗೆ ಹಾಕಿದ್ಲು. ಬಿಲದೊಳಗಿಂದ ಕೆಮ್ಮು ಕೇಳಿಸ್ತು.

ಇಲಿ ಕೆಮ್ಮಲ್ಲ, ಮನುಷ್ಯರ ಕೆಮ್ಮು. ಮುದುಕರ ಕೆಮ್ಮು.

ದೆವ್ವ ಹೊಕ್ಕ ಇಲಿಗಳೇ ಅಂತ ದೇವೀರಿ ಬೀಸಣಿಗೆ ಬಿಸಾಕಿ ಓಡಿದ್ಲು. ಆ ಸಂಜೆಯೂ ಬುಟ್ಟಿ ಬರಿದು. ಮಸಣಯ್ಯ ಅವಳ ಸುತ್ತ ಒಂದು ಸುತ್ತು ಬಂದು ಮೂಗರಳಿಸಿದ. ಅವನ ಕೆನ್ನೆ ಗುಳಿ ಬಿದ್ದಿತ್ತು.

ಮೂರನೇ ದಿನ ಹೊಸ ಮೊಗ್ಗು ಬಿಟ್ಟಿದ್ದು ಒಂದೇ ಮಲ್ಲಿಗೆ ಗಿಡ. ದೇವೀರಿ ಬೆಲ್ಲದ ಅವಲಕ್ಕಿಗೆ ಪಾಷಾಣ ಬೆರೆಸಿ, ಉಂಡೆ ಕಟ್ಟಿ, ಬಿಲದ ಬಾಯಲ್ಲಿ ಇಟ್ಲು. ತಾನು ಬಾವಿಕಟ್ಟೆ ಮರೇಲಿ ಕೂತ್ಲು. ನೆನೆಹಾಕಿದ ಬಾಳೆನಾರಿನ ಮಡಕೆ ಕಟ್ಟೆ ಮೇಲೇ ಇತ್ತು.

ಇಲಿ ಬಂದ್ವು. ಇವತ್ತು ಕಿಸಿಕಿಸಿ ಇಲ್ಲ. ಎಲ್ಲಕ್ಕಿಂತ ದೊಡ್ಡ ಹೆಗ್ಗಣ ಕನಕಾಂಬರ ಕಿತ್ಕೊಂಡು ಕಟ್ಟೆ ಹತ್ತಿತು. ಮಡಕೆಯಿಂದ ನಾರೆಳ್ಕೊಂಡು, ಈ ಕಡೆ ಎರಡು ಹೂವ, ಆ ಕಡೆ ಎರಡು ಹೂವ, ಹಲ್ಲಲ್ಲಿ ಗಂಟು ಬಿಗಿದು ಮಾಲೆ ಕಟ್ಟಿ, ತಂದು ಅವಳ ಕಾಲ ಮೇಲೆ ಇಡ್ತು.

ಹೂವೆಲ್ಲ ಎಡಕ್ಕೆ ವಾಲಿದ್ವು. ಲೋಕದೋರು ಕಟ್ಟಿದ್ರೆ ಬಲಕ್ಕೆ ವಾಲ್ತವೆ. ಎಡಚ ಜವರಯ್ಯ ಕಟ್ಟಿದ ಮಾಲೆ ಮಾತ್ರ ಹಿಂಗೆ.

"ಅಪ್ಪಾ?"

ಹೆಗ್ಗಣ ಎಡಗೈ ಬೆನ್ನಿಂದ ಮೂಗು ಒರೆಸ್ಕೊಂತು. ಅಳು ಬಂದ್ರೆ ಜವರಯ್ಯ ಹಂಗೇ ಮಾಡೋನು.

ಅತ್ತ ಒಂದು ಮರಿ ಇಲಿ ಉಂಡೆ ಬಾಯಿ ಹತ್ರ ತಗೊಂಡಿತ್ತು. ದೇವೀರಿ ಕಿರುಚ್ಕೊಂಡು ಹಾರಿ ಒದ್ದು ಉರುಳಿಸಿದ್ಲು. "ತಿನ್ಬೇಡ್ರಪ್ಪೋ! ಪಾಷಾಣ ಐತೆ! ಮುಟ್ಬೇಡಿ!"

ಉಂಡೆನೆಲ್ಲ ಹೂತು ಮಣ್ಣು ಮುಚ್ಚಿ, ಇಲಿಗಳ ನಡುವೆ ಕುಕ್ಕರಗಾಲಲ್ಲಿ ಕೂತ್ಲು. "ನೀವೆಲ್ಲ ಈ ತೋಟದ ಹೂಗಾರರೇ?" ಇಲಿಗಳ ತಲೆಯೆಲ್ಲ ಒಟ್ಟಿಗೆ ಅಲ್ಲಾಡಿದ್ವು. "ಅವನಿಗೆ ವಾಸ್ನೆ ಸಿಗ್ಬಾರ್ದು ಅಂತ ಹೂವ ಕಡೀತಿದ್ರಾ?" ಮತ್ತೆ ಅಲ್ಲಾಡಿದ್ವು. "ಹೂವ ಸಿಗ್ದಿದ್ರೆ ಹೂವಿನ ನಡುವೆ ಬೆಳೆದ ಹೂಗಾರನ ಮೈವಾಸ್ನೆನೇ ಎಳ್ಕೊಂತಾನೆ. ಅದು ಹೋದ್ಮೇಲೆ ಉಳಿಯೋದು ಇಲಿ. ಹಂಗೇ ತಾನೆ?"

ಜವರಯ್ಯ ಹೌದು ಅನ್ನೋ ಹಂಗೆ ತಲೆ ಆಡಿಸ್ದ.

"ಸರಿ ಬಿಡಪ್ಪ. ಇವತ್ತು ಅವನಿಗೆ ಭರ್ತಿ ಬುಟ್ಟಿನೇ ಒಯ್ತೀನಿ. ಕಟ್ರಿ, ಎಲ್ಲಾ ಸೇರಿ ಕಟ್ರಿ!"

ಇಲಿಗಳು ಕನಕಾಂಬರ ಕಟ್ಟಿದ್ವು. ದೇವೀರಿ ಬಿಲದ ಮಣ್ಣು ಕಲಸಿ ನೆತ್ತಿಯಿಂದ ಕಾಲವರೆಗೆ ಮೆತ್ಕೊಂಡ್ಲು. ಆ ರಾಜ್ಯದ ಮಣ್ಣಿಗೆ ವಾಸ್ನೆ ಇಲ್ವಲ್ಲ! ಬುಟ್ಟಿಗೆ ಬಾಳೆಲೆ ಮುಚ್ಚಿ ಅರಮನೆಗೆ ಹೋದ್ಲು.

"ಇದೇನಮ್ಮಿ ವೇಷ?"

"ಇಲಿ ಬಿಲ ಅಗೆದು ಬಂದೆ, ಬುದ್ದಿ. ಬುಟ್ಟಿ ತುಂಬಾ ಐತೆ, ನೋಡಿ."

ಹಸಿದಿದ್ದ ಮಸಣಯ್ಯ ಎಲೆ ತೆಗೆದೋನೇ ಮೂತಿ ತೂರ್ಸಿದ. ಎಳೆದ. ಏನೂ ಬರ್ಲಿಲ್ಲ. ಕನಕಾಂಬರಕ್ಕೆ ಎಲ್ಲಿಯ ವಾಸ್ನೆ? ಇನ್ನೂ ಜೋರಾಗಿ ಎಳೆದ. ತಿರುಗಿ ದೇವೀರಿ ಕತ್ತಿಗೆ ಮೂಗಿಟ್ಟು ಎಳೆದ. ಅಲ್ಲೂ ಮಣ್ಣೇ, ಅಲ್ಲೂ ಬರಿದೇ. ಅವಳು ಉಸಿರು ಬಿಗಿಹಿಡಿದು ಕಂಬದಂಗೆ ನಿಂತಿದ್ಲು. ಅವನ ಉಸಿರು ಒಳಕ್ಕೆ ಹೋಗ್ತಾನೇ ಇತ್ತು, ಹೊರಕ್ಕೆ ಬರ್ಲೇ ಇಲ್ಲ. ಕೆನ್ನೆ ಒಳಕ್ಕೆ ಹೋಯ್ತು, ಎದೆ ಒಳಕ್ಕೆ ಹೋಯ್ತು, ಕಣ್ಣೂ ಒಳಕ್ಕೆ ಹೋದ್ವು. ತನ್ನನ್ನ ತಾನೇ ಎಳ್ಕೊಂಡ. ನೆಲದ ಮೇಲೆ ಜರತಾರಿ ಅಂಗಿ ಉಳೀತು, ಅದರೊಳಗೆ ಒಂದು ಹಿಡಿ ಬೂದಿ.

ಅವನು ನುಂಗಿದ್ದೆಲ್ಲ ಹೊರಗೆ ಬಂತು. ಮೊದ್ಲು ಬಂದಿದ್ದು ಹುರಿದ ಕಡ್ಲೆಕಾಯಿ ವಾಸ್ನೆ. ಬೀದಿಲಿ ಒಬ್ಬ ಮುದುಕ ಬಿದ್ದು ಬಿದ್ದು ನಕ್ಕ. ಆಮೇಲೆ ಮಳೆಮಣ್ಣು, ತುಪ್ಪ, ಸಂಪಿಗೆ. ರಾಜ ಹಾಸಿಗೆಯಿಂದೆದ್ದು, "ಅಡುಗೆಮನೇಲಿ ಏನೋ ಸೀಯ್ತಾ ಐತೆ, ನೋಡ್ರೋ!" ಅಂತ ಕೂಗ್ದ.

ತೋಟದಲ್ಲಿ ಇಲಿಗಳಿರ್ಲಿಲ್ಲ. ಮೈಯೆಲ್ಲ ಮಣ್ಣಾದ ಹೂಗಾರರು ತಮ್ಮ ತಮ್ಮ ನೆರಳು ನೋಡ್ಕೊಂಡು ನಿಂತಿದ್ರು. ಜವರಯ್ಯ ಮಗಳ ಮಣ್ಣು ಮೆತ್ತಿದ ನೆತ್ತಿ ಮೂಸ್ದ. ಎಡಗೈ ಬೆನ್ನಿಂದ ಮೂಗು ಒರೆಸ್ಕೊಂಡ.

ಸ್ವಲ್ಪ ದಿನ ಅವನು ರಾಗಿ ಮುದ್ದೆನ ಎರಡೂ ಕೈಯಲ್ಲಿ ಹಿಡ್ಕೊಂಡು ಕಡ್ಕೊಂಡು ತಿಂದ. "ಬಾಲ ಎಲ್ಲಪ್ಪೋ?" ಅಂತ ದೇವೀರಿ ಕಿಚಾಯಿಸೋಳು. ಆಮೇಲೆ ಅದೂ ಸರಿಹೋಯ್ತು. ಕಪ್ಪರಗಿರಿಯಲ್ಲಿ ಅಂದಿನಿಂದ ಮಲ್ಲಿಗೆ ಮಾಲೆ ನಡುವೆ ಒಂದು ಎಳೆ ಕನಕಾಂಬರ ಸೇರ್ಸದೆ ಯಾರೂ ಮುಡೀಲಿಲ್ಲ. ಎಲ್ಲರೂ ಉಂಡು, ನಕ್ಕು, ಸುಖವಾಗಿದ್ರು.

ಕತೆ ಅಲ್ಲಿಗಾಯ್ತು. ಏಳ್ರಿ, ನಿಮ್ಮ ಮನೆ ಕೂಸಿನ ನೆತ್ತಿ ಒಂದ್ಸಲ ಮೂಸಿ ಮಲಗ್ಹೋಗಿ.