ಭುಜದ ಮೇಲಿನ ಅಂಗೈ

"ಶಿವಗಂಗಾ, ದೀಪು. ಈ ಸಲಾನೂ ನೀವಿಬ್ರೇ ಜೋಡಿ."

ನೃತ್ಯಶಾಲೆಯ ಲಾವಣ್ಯ ಮೇಡಂ ಇಷ್ಟು ಹೇಳಿದ್ದೇ ತಡ, ಶಿವಗಂಗಾಳ ಮೈಯೆಲ್ಲ ಉರಿದುಹೋಯಿತು. ಎದುರಿನ ಗೋಡೆಗೆ ಒರಗಿ ನಿಂತಿದ್ದ ದೀಪು ವರ್ಷದ ಮೇಲೆ ಅವಳ ಕಣ್ಣಿಗೆ ಬಿದ್ದಿದ್ದ. ನಗಲು ಹೋದವನು ಅವಳ ಮುಖ ಕಂಡು ನಗುವನ್ನು ನುಂಗಿಕೊಂಡ.

ನುಂಗು, ನುಂಗು... ಇನ್ನೂ ಬಹಳ ನುಂಗೋದಿದೆ ನಿನಗೆ, ಅಂದುಕೊಂಡಳು.

ಕಾರಣ ಕೇಳಿದರೆ ನೀವೂ ಅವಳ ಪಕ್ಷವನ್ನೇ ವಹಿಸುತ್ತೀರಿ.

ಬೊಮ್ಮಸಂದ್ರದ ಹಳೆಯ ಫ್ಯಾಕ್ಟರಿ ಶೆಡ್ಡೊಂದರಲ್ಲಿ ಪ್ರತಿವರ್ಷ ಸಮಕಾಲೀನ ನೃತ್ಯೋತ್ಸವ ನಡೆಯುತ್ತದೆ. ಅದರಲ್ಲಿ ಒಂದು ಸಂಜೆ ಇನ್ನೂ ಕಲಿಯುತ್ತಿರುವ ಹುಡುಗ ಹುಡುಗಿಯರಿಗೇ ಮೀಸಲು. ಹೋದ ವರ್ಷ ಶಿವಗಂಗಾ ಎತ್ತರದ ಮರದ ಪೆಟ್ಟಿಗೆಯ ಮೇಲೆ ನಿಂತು, ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕಿತ್ತು. ಕೆಳಗೆ ದೀಪು ಹಿಡಿಯಬೇಕಿತ್ತು. ಅವಳು ಬಿದ್ದಳು. ಅವನು ಅಷ್ಟು ಹೊತ್ತಿಗೆ ಅತ್ತ ಸರಿದುಬಿಟ್ಟಿದ್ದ!

ಮೊಣಕೈ ಮೂಳೆ ಬಿರುಕು ಬಿಟ್ಟಿತು. ಅದನ್ನಾದರೂ ಮರೆತಾಳು. ಆದರೆ ಮಾತ್ರೆ ಕಂಪನಿಯಲ್ಲಿ ಶಿಫ್ಟ್ ಬದಲಿಸಿಕೊಂಡು, ಇಳಕಲ್ ಸೀರೆ ಉಟ್ಟು ಮಗಳ ಕುಣಿತ ನೋಡಲು ಬಂದಿದ್ದ ಹೊಳೆವ್ವ ಎಲ್ಲರೆದುರು ವೇದಿಕೆಗೆ ಓಡಿಬಂದು, "ನನ್ನ ಕೂಸನ್ನ ಹಿಡೀಲಿಲ್ಲಲ್ಲೋ..." ಅಂತ ಅತ್ತದ್ದನ್ನು ಮರೆಯುವುದುಂಟೇ?

ಆಮೇಲೆ ದೀಪು ಒಬ್ಬನೇ ದೊಡ್ಡ ತಂಡವೊಂದಕ್ಕೆ ಆಯ್ಕೆಯಾಗಿ ಊರೂರು ಸುತ್ತಿದ. ತಾನೊಬ್ಬನೇ ಮಿಂಚಲು ಬೇಕಂತಲೇ ಬೀಳಿಸಿದ ಎಂದು ಅವಳು ತೀರ್ಮಾನಿಸಿಬಿಟ್ಟಳು. ಹೊರಡುವ ಮುಂಚೆ ಅವನು ಅವಳ ಮನೆ ಬಾಗಿಲಿಗೆ ಬಂದಿದ್ದ. ಊರಿಗೆ ಹೋಗಿದ್ದಾಳೆ ಅಂತ ಅವ್ವನ ಕೈಲಿ ಹೇಳಿಸಿ ಅವಳು ಒಳಗೇ ಕೂತಿದ್ದಳು.

ಇನ್ನೊಂದು ಮಾತಿದೆ. ಬೀಳುವ ಮುಂಚೆ ಅವಳು ಆ ಕೈಗಳನ್ನು ನಂಬಿದ್ದಳು. ನಂಬುವುದೇನು, ಅವನನ್ನು ಪ್ರೀತಿಸಿದ್ದಳು. ಅದಕ್ಕೇ ಇಷ್ಟು ಸಿಟ್ಟು.

ಎಡವಿದ ಜೋಡಿಯೇ ಮರುವರ್ಷ ಅದೇ ಭಾಗವನ್ನು ಮಾಡಿ ತೋರಿಸಬೇಕು, ಅದೂ ಅದಲುಬದಲಾಗಿ. ಇದು ಲಾವಣ್ಯ ಮೇಡಂ ಶಾಲೆಯ ಕಟ್ಟಳೆ. ಈ ಸಲ ಬೀಳುವವನು ತಂಡದಿಂದ ಮರಳಿ ಬಂದಿದ್ದ ದೀಪು, ಹಿಡಿಯುವವಳು ಶಿವಗಂಗಾ. ಅವಳಿಗೆ ಇನ್ನೇನು ಬೇಕು!

ಅಭ್ಯಾಸದಲ್ಲಿ ಅವಳು ಅವನನ್ನು ಒಮ್ಮೆಯೂ ಬಿಡಲಿಲ್ಲ. ಅವನಿಗೆ ನಂಬಿಕೆ ಬರಲಿ ಎಂದೇ ಗಟ್ಟಿಯಾಗಿ ಹಿಡಿದಳು. ಚಿಕ್ಕಂದಿನಿಂದಲೂ ಅವಳ ಅಂಗೈ ಬೆವರುತ್ತಿತ್ತು, ಅವ್ವನ ಸೆರಗಿಗೆ ಒರೆಸಿ ಒರೆಸಿ ಬೈಸಿಕೊಂಡು ಬೆಳೆದವಳು. ಈಗ ಪ್ಯಾಂಟಿಗೆ ಕೈ ಒರೆಸಿ ನಿಲ್ಲುತ್ತಿದ್ದಳು.

ಮೇಡಂ ದಿನವೂ ನೆನಪಿಸುತ್ತಿದ್ದರು. ಸಂಗೀತದ ಅಬ್ಬರದಲ್ಲಿ ಮಾತು ಕೇಳಿಸದು. ಬೀಳುವ ಮುಂಚೆ ಪೆಟ್ಟಿಗೆಯ ಮೇಲಿರುವವರು ಬಗ್ಗಿ ಕೆಳಗಿನವರ ಭುಜದ ಮೇಲೆ ಕೈಯಿಡಬೇಕು. ಭುಜ ತಟ್ಟಿದರೆ ಮಾತ್ರ, 'ನಾನು ಬೀಳಲ್ಲ, ನೀನು ಹೋಗು' ಎಂದರ್ಥ. ತಟ್ಟಿದರೆ ಹಿಡಿಯುವವರು ಸರಿದುಬಿಡಬೇಕು.

ಪ್ರದರ್ಶನದ ಹಿಂದಿನ ದಿನ ಅವಳು ಬಹಳ ನಯವಾಗಿ ಕೇಳಿದಳು.

"ನಿಮ್ಮಮ್ಮ ಬರ್ತಾರಾ?"

"ಬರ್ತಾರೆ. ಬೇಗೂರಿಂದ ಬೇಗ ಹೊರಟು ಮುಂದಿನ ಸಾಲಲ್ಲೇ ಕೂರ್ತಾರಂತೆ."

"ಒಳ್ಳೇದಾಯ್ತು."

ಅವಳು ಅದನ್ನು ಅಂದ ರೀತಿಗೆ ದೀಪು ಒಂದು ಕ್ಷಣ ಅವಳನ್ನೇ ನೋಡಿದ.

ನನ್ನ ಅವ್ವ ನೋಡಿದ್ದನ್ನು ನಿನ್ನ ತಾಯಿಯೂ ನೋಡಲಿ... ಮರುದಿನ ಸಂಜೆ ವೇದಿಕೆ ಏರುವಾಗ ಶಿವಗಂಗಾಳ ಮನಸ್ಸಿನಲ್ಲಿ ಇದ್ದದ್ದು ಇದೊಂದೇ. ಮುಂದಿನ ಸಾಲಿನಲ್ಲಿ ದೀಪುವಿನ ತಾಯಿ ಅಶ್ವತ್ಥಮ್ಮ ಮಗನನ್ನೇ ಕಣ್ತುಂಬಿಕೊಳ್ಳುತ್ತಿದ್ದರು. ಹಿಂದೆಲ್ಲೋ ಹೊಳೆವ್ವನೂ ಇದ್ದಳು.

ಆ ಘಳಿಗೆ ಬಂತು. ದೀಪು ಪೆಟ್ಟಿಗೆ ಹತ್ತಿದ. ಬಗ್ಗಿ ಅವಳ ಭುಜದ ಮೇಲೆ ಕೈಯಿಟ್ಟ. ತಟ್ಟಿದ, ಸ್ಪಷ್ಟವಾಗಿ.

ಹೆದರಿಬಿಟ್ಟನಾ? ಅವಳಿಗೆ ನಗು ಬಂತು. ಕಟ್ಟಳೆಯ ಪ್ರಕಾರ ಸರಿದಳು. ಆ ಹೇಡಿ ಮುಖವನ್ನು ನೋಡಲೆಂದೇ ತಿರುಗಿದಳು...

ಅವನ ಕಣ್ಣು ಮುಚ್ಚಿತ್ತು. ಮೈ ಆಗಲೇ ಹಿಂದಕ್ಕೆ ವಾಲಿತ್ತು.

ಬೀಳಲ್ಲ ಅಂದವನು ಕಣ್ಣು ಮುಚ್ಚುವುದೇಕೆ? ಅಶ್ವತ್ಥಮ್ಮ ಬಾಯಿಗೆ ಕೈಯಿಟ್ಟು ಕುರ್ಚಿಯಿಂದ ಎದ್ದರು. ವರ್ಷವಿಡೀ ಕಾದದ್ದು ಕಣ್ಣೆದುರೇ ನಡೆಯುತ್ತಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಅವಳನ್ನು ಯಾರೂ ದೂರುತ್ತಿರಲಿಲ್ಲ.

ಅವಳು ಓಡಿದಳು. ಅವನನ್ನು ಬಾಚಿ ಹಿಡಿದಳು. ಇಬ್ಬರೂ ನೆಲಕ್ಕೆ ಉರುಳಿದರು. ಜನ ಇದೂ ನೃತ್ಯದ ಭಾಗವೆಂದೇ ತಿಳಿದು ಚಪ್ಪಾಳೆ ತಟ್ಟಿದರು.

ಶೆಡ್ಡಿನ ಹಿಂದೆ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಯಾಕೋ ತಟ್ಟಿದೆ?"

"ನೀನು ಹಿಡಿಯಲ್ಲ ಅಂತ ನಿನ್ನೆನೇ ಗೊತ್ತಾಯ್ತು. ನಾನು ತಟ್ಟಿದ್ರೆ ಯಾರೂ ನಿನ್ನ ಅನ್ನಲ್ಲ ಅಲ್ವಾ?"

"ಹುಚ್ಚು ಹಿಡಿದಿದ್ಯಾ ನಿಂಗೆ?"

"ಹೋದ ವರ್ಷ ನೀನೂ ತಟ್ಟಿದ್ದೆ ಗಂಗಾ. ಅದಕ್ಕೇ ಸರಿದೆ."

ಸುಳ್ಳು ಎನ್ನಲು ಬಾಯಿ ತೆರೆದಳು. ಆದರೆ ಆಗಲೂ ಅವಳ ಕೈ ತನ್ನಷ್ಟಕ್ಕೆ ಪ್ಯಾಂಟಿಗೆ ಒರೆಸಿಕೊಳ್ಳುತ್ತಿತ್ತು. ಹೋದ ವರ್ಷ ಮೈಮೇಲಿದ್ದದ್ದು ಅವ್ವ ಹೊಲಿಸಿಕೊಟ್ಟ ಹೊಸ ರೇಷ್ಮೆ ಉಡುಪು. ಕಲೆಯಾದೀತೆಂದು... ಅಯ್ಯೋ! ಬೆವರಿದ ಅಂಗೈಯನ್ನು ಅವನ ಭುಜಕ್ಕೇ ಒರೆಸಿಕೊಂಡಿದ್ದಳು.

ಅವಳ ಕಣ್ಣು ತುಂಬಿತು. ಹೇಳಬಹುದಿತ್ತಲ್ಲೋ ಎಂದು ಕೇಳಿದಳು.

"ಹೇಳೋಕೇ ಬಂದಿದ್ದೆ. ಊರಿಗೆ ಹೋಗಿದ್ದಾಳೆ ಅಂದ್ರು, ನಿನ್ನ ಚಪ್ಪಲಿ ಬಾಗಿಲಲ್ಲೇ ಇತ್ತು. ತಪ್ಪು ನಿಂದು ಅಂತ ನಿಮ್ಮಮ್ಮನ ಮುಂದೆ ಹೇಗೆ ಹೇಳ್ಲಿ? ಆಮೇಲೆ ಆ ತಂಡದವ್ರು ಕರೆದ್ರು, ಹೋಗ್ಬಿಟ್ಟೆ. ನಿನ್ನ ಹಾಗೇ ಬಿಟ್ಟು ಹೋಗಿದ್ದು ಮಾತ್ರ ನನ್ನ ತಪ್ಪು." ತಲೆ ತಗ್ಗಿಸಿದ. "ಆಗ್ಲೂ ನಿನ್ನ ಪ್ರೀತಿಸ್ತಿದ್ದೆ. ಈಗ್ಲೂ ಅಷ್ಟೇ."

ವರ್ಷದ ಸಿಟ್ಟೆಲ್ಲ ಅಳುವಾಗಿ ಹರಿಯಿತು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ಅವನ ಭುಜದ ಮೇಲೆ ಕೈಯಿಟ್ಟಳು. ಮೆಲ್ಲಗೆ ತಟ್ಟಿದಳು.

"ಹೋಗ್ಲಾ?" ಎಂದ ದೀಪು.

"ಹೋಗು ನೋಡೋಣ... ಬೆವರು ಒರೆಸ್ಕೊಂಡೆ ಅಷ್ಟೇ."