ಕೆರೆಯ ದಾರಿಗೆ ಎರಡು ಪಾಸ್

“ಕೆರೆಯ ದಾರಿಗೆ ಎರಡು ಪಾಸ್ ಕೊಡಿ. ದೋಣಿಗೂ ಸೇರಿಸಿ.”

ಅವಳು ತಲೆಯೆತ್ತಿದಳು. ಕಿಟಕಿಯಾಚೆ ನಿಂತಿದ್ದವನು ಒಬ್ಬನೇ!

“ಇನ್ನೊಬ್ಬರೆಲ್ಲಿ?”

“ಆಗಲೇ ಒಳಗಿದ್ದಾರೆ.”

ಕಾಡಿನ ಗೇಟು ಇನ್ನೂ ತೆರೆದೇ ಇರಲಿಲ್ಲ. ಆದರೂ ಆ ಕಣ್ಣುಗಳ ದಣಿವು ನೋಡಿ ವಾದಿಸಲು ಮನಸ್ಸು ಬರಲಿಲ್ಲ. ಎರಡು ಪಾಸ್ ಹರಿದು ಕೊಟ್ಟಳು.

ಅರಣ್ಯ ಕಚೇರಿಯ ಆ ಪುಟ್ಟ ಕೌಂಟರಿನಲ್ಲಿ ಅವಳದು ಮೂರು ವರ್ಷದ ಕೆಲಸ. ಮಕ್ಕಳಿದ್ದವರಿಗೆ ಯಾವ ದಾರಿ, ದೋಣಿ ಎಷ್ಟು ಹೊತ್ತಿಗೆ, ವೀಕ್ಷಣಾ ಗೋಪುರ ಹತ್ತಲು ಯಾರಿಂದಾದೀತು ಎಂದೆಲ್ಲ ಹೇಳಿ ಪಾಸ್ ಬರೆಯಬೇಕು. ಸಂಜೆ ಪಾಸ್ ವಾಪಸ್ ಬಂದಾಗ ರಿಜಿಸ್ಟರಿನಲ್ಲಿ ಅದರ ನಂಬರು ಹೊಡೆದು ಹಾಕಬೇಕು. ನಂಬರು ಹೊಡೆದರೆ ಆ ಮನುಷ್ಯ ಹೊರಗೆ ಬಂದ ಲೆಕ್ಕ.

ಅವನು ಪುಸ್ತಕ ಬೈಂಡಿಂಗ್ ಮಾಡುವವನು. ತಿಂಗಳಿಗೊಮ್ಮೆ ತಪ್ಪದೆ ಬರತೊಡಗಿದ. ಪ್ರತಿ ಸಲವೂ ಎರಡು ಪಾಸ್! ಗೇಟು ಕಾಯುವ ಮಾಮ ಅವನಿಗೆ ‘ಜೋಡಿ ಪಾಸ್’ ಎಂದೇ ಹೆಸರಿಟ್ಟರು.

“ಬಂದ ನೋಡಮ್ಮ ನಿನ್ನ ಜೋಡಿ ಪಾಸ್! ಬೆಳಿಗ್ಗೆಯಿಂದ ಹತ್ತು ಸಲ ಕನ್ನಡಿ ನೋಡಿದ್ದು ಇದಕ್ಕೇನಾ?”

“ಸುಮ್ನಿರಿ ಮಾಮ!”

ಗದರಿದರೂ ಕೆನ್ನೆ ಬಿಸಿಯಾಗುತ್ತಿತ್ತು. ನಕ್ಷೆ ಹರಡಿಕೊಂಡು ಇಬ್ಬರೂ ದಾರಿ ನೋಡುವ ನೆಪದ ಮಾತು ತಿಂಗಳಿಂದ ತಿಂಗಳಿಗೆ ಉದ್ದವಾಯಿತು. ಅವನು ಹೋದ ಮೇಲೆ ಮಾತ್ರ ಒಂದೇ ಚಿಂತೆ. ‘ಆ ಒಳಗಿರುವವರು ಯಾರು? ಹೆಂಡತಿಯೇ?’

ಐದನೇ ತಿಂಗಳು ತಡೆಯಲಾರದೆ ಕೇಳಿಯೇಬಿಟ್ಟಳು.

“ನನ್ನ ತಮ್ಮ,” ಎಂದ ಅವನು. “ಹೋದ ವರ್ಷ ಕೆರೆ ಹತ್ರ ಜಗಳ ಆಡಿದ್ವಿ. ನಾನು ಸಿಟ್ಟಲ್ಲಿ ಎದ್ದು ಬಂದೆ. ಅವನು ಬರಲೇ ಇಲ್ಲ. ರಿಜಿಸ್ಟರಲ್ಲಿ ಇಬ್ಬರೂ ಹೊರಗೆ ಬಂದಿದ್ದಾರೆ ಅಂತಿತ್ತು. ಎರಡು ದಿನ ಊರೆಲ್ಲ ಹುಡುಕಿದ್ರು, ಕಾಡಲ್ಲಿ ಹುಡುಕಲಿಲ್ಲ. ಆಮೇಲೆ ದಡದಲ್ಲಿ ಚಪ್ಪಲಿ ಸಿಕ್ತು, ಅಷ್ಟೇ...”

ಪೆಚ್ಚು ನಗೆ ನಕ್ಕ. “ಪಾಸಿಲ್ಲದೆ ಒಳಗಿದ್ರೆ ನೀವು ದಂಡ ಹಾಕ್ತೀರಲ್ಲ, ಅದಕ್ಕೇ ಅವನಿಗೂ ತಗೋತೀನಿ. ಅವತ್ತು ಕೌಂಟರಲ್ಲಿದ್ದವರು ಸಿಕ್ಕರೆ ಅವರಿಗೊಂದು ಮಾತು ಹೇಳಬೇಕು.”

ಅವಳು ರಿಜಿಸ್ಟರು ಮುಚ್ಚಿದಳು.

ಅವತ್ತು ಕೌಂಟರಿನಲ್ಲಿದ್ದವಳು ಅವಳೇ! ಸಂಜೆಯ ನೂಕುನುಗ್ಗಲಿನಲ್ಲಿ ಯಾರೋ ಎರಡು ಪಾಸ್ ಒಳಗೆ ತಳ್ಳಿದ್ದರು. ಮುಖ ನೋಡದೆ ಎರಡೂ ನಂಬರು ಹೊಡೆದಿದ್ದಳು. ಪಾಸ್ ಎಣಿಸಿದ್ದಳು, ತಲೆ ಎಣಿಸಿರಲಿಲ್ಲ. ಒಂದು ವರ್ಷದಿಂದ ಆ ಸತ್ಯ ಯಾರಿಗೂ ಹೇಳಿರಲಿಲ್ಲ.

‘ಹೇಳಿದರೆ ಇವನು ಇನ್ನೆಂದೂ ನನ್ನ ಮುಖ ನೋಡಲಾರ. ಹೇಳದಿದ್ದರೆ... ನಾನು ಹೇಗೆ ಇವನ ಮುಖ ನೋಡಲಿ?’

ಮುಂದಿನ ತಿಂಗಳು ಅವನು ಬರುವ ದಿನ ಅವಳು ರಜೆ ಹಾಕಿ ಗೇಟಿನ ಬಳಿ ಕಾದಳು.

“ಇವತ್ತು ನಾನೂ ಬರ್ತೀನಿ,” ಎಂದಳು. ಅವನು ಆಶ್ಚರ್ಯದಿಂದ ನೋಡಿದ, ಬೇಡ ಎನ್ನಲಿಲ್ಲ.

ಕೆರೆಯ ಮೇಲೆ ಮಂಜು ಕವಿದಿತ್ತು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಗಾಳಿಯೇ ಇಲ್ಲ, ಆದರೂ ಕಟ್ಟಿದ ದೋಣಿ ಯಾರೋ ಈಗಷ್ಟೇ ಇಳಿದು ಹೋದ ಹಾಗೆ ಅಲ್ಲಾಡುತ್ತಿತ್ತು.

“ಆ ನಂಬರು ಹೊಡೆದವಳು ನಾನು!” ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟಳು. “ತಲೆ ಎತ್ತಿ ನೋಡಿದ್ದಿದ್ರೆ ಅವತ್ತೇ ಹುಡುಕಬಹುದಿತ್ತು. ಬೈಯಿರಿ, ಏನು ಬೇಕಾದ್ರೂ ಅನ್ನಿ...”

ಅವನು ದಡದ ಕಲ್ಲಿನ ಮೇಲೆ ಕೂತುಬಿಟ್ಟ.

“ಎರಡೂ ಪಾಸ್ ಒಳಗೆ ತಳ್ಳಿದ್ದು ನಾನು. ಅವನ ಜೇಬು ನೆಂದಿತ್ತು, ಅವನದೂ ನನ್ನ ಹತ್ರಾನೇ ಇತ್ತು. ‘ಒಬ್ಬನೇ ಬಂದೆ’ ಅಂತ ಒಂದು ಮಾತು ಹೇಳಲಿಲ್ಲ. ಆಮೇಲೆ ಹುಡುಕುವಾಗಲೂ ಹೆದರಿ ಬಾಯಿ ಬಿಡಲಿಲ್ಲ. ನಿಮ್ಮನ್ನ ಹುಡುಕಿದ್ದು ಬೈಯೋಕಲ್ಲ ಕಣ್ರೀ... ತಪ್ಪಾಯ್ತು ಅನ್ನೋಕೆ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂಜು ದಡಕ್ಕೆ ಬರತೊಡಗಿತ್ತು.

“ಹೊರಡೋಣ. ಇವತ್ತು ತಲೆ ಎಣಿಸಿಯೇ ಹೊರಡೋದು. ಒಂದು!”

“ಎರಡು,” ಎಂದ ಅವನು.

“ಮೂರು.”

ಧ್ವನಿ ನೀರಿನ ಕಡೆಯಿಂದ ಬಂದಿತ್ತು. ಎಳೆಯ, ತುಂಟ ಧ್ವನಿ.

“ಪುಟ್ಟಾ!” ಎನ್ನುತ್ತ ಅವನು ನೀರಿಗಿಳಿದೇಬಿಟ್ಟ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಅವಳು ಹಿಂದೆಯೇ ಇಳಿದು ಎರಡೂ ಕೈಯಲ್ಲಿ ಅವನ ತೋಳು ಹಿಡಿದಳು.

“ನಿಮಗೂ ಕೇಳಿಸ್ತಾ?” ಅವನು ತಿರುಗಿ ಕೇಳಿದ. “ಪ್ರತಿ ತಿಂಗಳೂ ಕರೀತಾನೆ. ನನಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ.”

“ಕೇಳಿಸ್ತು. ಆದ್ರೆ ಅವನನ್ನ ಹೊರಗೆ ತರೋದು ನಮ್ಮ ಕೈಲಾಗಲ್ಲ. ನಿಮ್ಮನ್ನ ಕರ್ಕೊಂಡು ಹೋಗೋದು ನನ್ನ ಕೈಲಾಗುತ್ತೆ. ಬರ್ತೀರಾ?”

ಅವನು ಮಂಜಿನತ್ತ ನೋಡಿದ. ಆಮೇಲೆ ಅವಳತ್ತ. ನಿಧಾನವಾಗಿ ಅವಳ ಕೈ ಹಿಡಿದು ದಡ ಹತ್ತಿದ.

ಕಾಲುದಾರಿಯಲ್ಲಿ ಅವರ ಹಿಂದೆ ಒದ್ದೆ ಪಾದಗಳ ಸದ್ದು ಸ್ವಲ್ಪ ದೂರ ಬಂತು, ತಿರುವಿನಲ್ಲಿ ನಿಂತಿತು. ಅವನು ಬಿಕ್ಕಿ ಬಿಕ್ಕಿ ಅತ್ತ.

“ಅವನು ನಿಂತುಬಿಟ್ಟ ಕಣೇ...”

“ನಿಮ್ಮನ್ನ ಕಳಿಸಿಕೊಟ್ಟ. ನಡೀರಿ.”

“ಗೇಟು ದಾಟಿದ ಮೇಲೆ ಕೈ ಬಿಟ್ಟುಬಿಡ್ತೀಯಾ?”

“ಇಲ್ಲ... ಮಾಮ ನೋಡಿ ನಕ್ಕರೂ ಬಿಡಲ್ಲ.”