ಹಳೆಯ ಬಿರುಕು

ತಮ್ಮ ಪರಸಪ್ಪನನ್ನು ಪೊಲೀಸರಿಗೆ ಹಿಡಿದುಕೊಟ್ಟವನು ಯಾರೆಂಬುದು ಭಾಗಪ್ಪನಿಗೆ ಗೊತ್ತಾದದ್ದು ಆರು ವರ್ಷ ತಡವಾಗಿ, ಅದೂ ವಿಜಾಪುರದ ಒಂದು ಚಹಾದಂಗಡಿಯಲ್ಲಿ. ನೌಕರಿ ಬಿಟ್ಟ ಹವಾಲ್ದಾರನೊಬ್ಬ ಬಶಿಗೆ ಚಹಾ ಸುರಿದುಕೊಳ್ಳುತ್ತ, ಎದುರಿಗೆ ಕೂತವನು ಯಾರ ಅಣ್ಣನೆಂಬ ಅರಿವಿಲ್ಲದೆ ಹಳೆಯ ಸಾಹಸ ಬಿಚ್ಚಿದ್ದ.

“ಚಲೇಜಾವ್ ಗದ್ದಲದಾಗ ತಂತಿ ತಾರು ಕಡದ ಹುಡುಗ ಘೋಣಸಗಿ ಹೊಲದಾಗ, ಅಟ್ಟಣಿಗಿ ಮ್ಯಾಲ ಅಡಗಿದ್ದ. ನಮಗೇನು ಕನಸು ಬಿದ್ದಿತ್ತೇನು? ತಿಕೋಟಾದ ಗುರಲಿಂಗಪ್ಪ ಕೈಮಾಡಿ ತೋರಿಸಿದ. ಈಗ ನೋಡ್ರಿ, ಅಂವಾನ ಖಾದಿ ಟೊಪಿಗಿ ಹಾಕ್ಕೊಂಡು ಮುಂದಾಳು ಆಗ್ಯಾನ.”

ಆ ಹುಡುಗ ಜೈಲಿನಲ್ಲಿ ಜ್ವರ ಬಂದು ಸತ್ತ ಸಂಗತಿ ಹವಾಲ್ದಾರನಿಗೆ ನೆನಪಿರಲಿಲ್ಲ. ಭಾಗಪ್ಪ ಚಹಾ ಪೂರ್ತಿ ಕುಡಿದ, ಬಶಿಯನ್ನು ಬೋರಲು ಹಾಕಿದ, ಎದ್ದು ಬಂದ. ಸಿಟ್ಟೇ ಬರಲಿಲ್ಲವಲ್ಲ ಎಂದು ದಾರಿಯಲ್ಲಿ ಅವನಿಗೇ ಆಶ್ಚರ್ಯವಾಯಿತು. ತನ್ನ ಮೋಟಾರು ಗ್ಯಾರೇಜು ಮುಟ್ಟುವ ಹೊತ್ತಿಗೆ, ಗುರಲಿಂಗಪ್ಪ ಸಾಯಬೇಕೆಂಬುದು ಎಂದೋ ತೀರ್ಮಾನವಾದ ಮಾತಿನಂತೆ ಮನಸ್ಸಿನಲ್ಲಿ ಕೂತಿತ್ತು.

ದಾರಿ ಹುಡುಕಿಕೊಂಡು ಹೋಗಬೇಕಾಗಿಯೂ ಇರಲಿಲ್ಲ. ಗುರಲಿಂಗಪ್ಪನ ಕಾರು ಕೊಂಡಂದಿನಿಂದ ಭಾಗಪ್ಪನ ಗ್ಯಾರೇಜಿಗೇ ಬರುತ್ತಿತ್ತು. ಬರುವ ವಾರ ಬಬಲೇಶ್ವರದಲ್ಲಿ ಹುತಾತ್ಮರ ಸಭೆ ಇತ್ತು. ಅಧ್ಯಕ್ಷ ಗುರಲಿಂಗಪ್ಪನೇ. ಅದಕ್ಕೆಂದು ಕಾರು ಎಣ್ಣೆ ಬದಲಿಸಿ ತೊಳೆಯಲು ಬಂದು ನಿಂತಿತ್ತು.

ಭಾಗಪ್ಪ ಅವಸರ ಮಾಡಲಿಲ್ಲ. ಬ್ರೇಕಿಗೆ ಕೈ ಹಚ್ಚಿದರೆ ಯಾರಾದರೂ ಗುರುತು ಹಿಡಿಯುತ್ತಾರೆ. ಸಡಿಲಿಸಿದ ನಟ್ಟು ತಾನೇ ಬಾಯಿಬಿಡುತ್ತದೆ. ಗರಗಸದ ಗಾಯ ಬೆಳ್ಳಗೆ ಹೊಳೆಯುತ್ತದೆ. ಕಬ್ಬಿಣ ತಾನಾಗಿ ಸತ್ತರೆ ಮಾತ್ರ ಯಾರನ್ನೂ ಕೇಳುವುದಿಲ್ಲ. ಗಾಡಿಯ ಭಾರ ಹೊರುವ ಪಾಟಾ ಹಾಗೆ ಸಾಯುತ್ತದೆಂಬುದು ಅವನಿಗೆ ಗೊತ್ತಿತ್ತು. ಒಂದರ ಕೆಳಗೊಂದು ಜೋಡಿಸಿ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳು; ಎಲ್ಲಕ್ಕಿಂತ ಮೇಲಿನದು ಉದ್ದನೆಯದು, ಅದರ ತುದಿಯ ಬಳೆಯೇ ಗಾಲಿಯ ಅಚ್ಚನ್ನು ಗಾಡಿಗೆ ಹಿಡಿದಿಡುವುದು. ಮುಂದಿನ ಎಡಗಡೆ ಆ ಬಳೆಯ ಹತ್ತಿರ ಪಟ್ಟಿ ಮುರಿಯಿತೆಂದರೆ ಅಚ್ಚು ಹಿಂದಕ್ಕೆ ಸರಿದು, ಗಾಡಿ ಚುಕ್ಕಾಣಿಯ ಮಾತು ಕೇಳದೆ ಎಡಕ್ಕೆ ತಿರುಗುತ್ತದೆ. ಬಬಲೇಶ್ವರದ ದಾರಿಯಲ್ಲಿ ಡೋಣಿ ಹೊಳೆಗೆ ಇಳಿಯುವಾಗ ಎಡಕ್ಕೆ ಇದ್ದದ್ದು ಆಳದ ಕೊರಕಲು. ಆ ಇಳಿಜಾರಿನಲ್ಲಿ, ಮಳೆಗೆ ಕಿತ್ತುಹೋದ ತಗ್ಗುಗಳ ಮೇಲೆಯೂ, ಗುರಲಿಂಗಪ್ಪ ಕುದುರೆ ಓಡಿಸಿದಂತೆ ಕಾರು ಬಿಡುತ್ತಿದ್ದ.

ಗ್ಯಾರೇಜಿನ ಹಿತ್ತಲಲ್ಲಿ ಅದೇ ಕಂಪನಿಯ, ಇನ್ನೂ ಹಳೆಯ ಕಾರೊಂದರ ಅಸ್ಥಿಪಂಜರ ಬಿದ್ದಿತ್ತು. ಗ್ಯಾರೇಜು ಬಂದ್ ಇರುವ ಸೋಮವಾರ, ಹಾಡುಹಗಲೇ ಬಾಗಿಲಿಕ್ಕಿಕೊಂಡು, ಭಾಗಪ್ಪ ಅದರ ಪಾಟಾದ ಮೇಲಿನ ಪಟ್ಟಿ ಬಿಚ್ಚಿದ. ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಗಟ್ಟಿ ಪಟ್ಟಿ ಗಂಟೆಯಂತೆ ನಾದ ಕೊಡುತ್ತದೆ. ಇದು ಒಡೆದ ಗಡಿಗೆಯಂತೆ ಗೊಗ್ಗರು ಸದ್ದು ಮಾಡಿತು. ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಬಳಿದ. ಬಳೆಯ ಬುಡದಲ್ಲಿ ಎಣ್ಣೆ ಒಸರಿ, ಸುಣ್ಣದ ಮೇಲೆ ಕೂದಲೆಳೆಯಂಥ ಗೆರೆ ಮೂಡಿತು. ಪಟ್ಟಿಯ ಮುಕ್ಕಾಲು ಅಗಲ ತಿಂದಿದ್ದ ಬಿರುಕು. ಒಳಗೆಲ್ಲ ವರ್ಷಗಟ್ಟಲೆಯ ಕಪ್ಪು ತುಕ್ಕು. ಇದು ಮುರಿದಾಗ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: ಹಳೆಯ ಬಿರುಕು, ಪಾಪ, ಗಮನಿಸಲಿಲ್ಲ.

ಸಂಜೆಯೊಳಗೆ ಅದು ಗುರಲಿಂಗಪ್ಪನ ಕಾರಿನ ಮುಂದಿನ ಎಡ ಪಾಟಾಕ್ಕೆ, ಕೆಳಗಿನ ಮೊದಲಿನ ಪಟ್ಟಿಗಳ ಮೇಲೆ ಏರಿತ್ತು. ಬಿರುಕಿನ ಬಾಯಿಗೆ ಗ್ರೀಸು, ಅದರ ಮೇಲೆ ದಾರಿಯ ಕೆಂಪು ಮಣ್ಣು. ಬಿಚ್ಚಿದ ಗಟ್ಟಿ ಪಟ್ಟಿಯನ್ನು ಕಮ್ಮಾರನ ಕುಲುಮೆಗೆ ಒಯ್ದು, ತನ್ನ ಕಣ್ಣೆದುರೇ ಕುಡಗೋಲು ಮಾಡಿಸಿಕೊಂಡ. ಎಂದೂ ಇಲ್ಲದ ನಿದ್ದೆ ಅಂದು ಬಂತು.

ಸಭೆಯ ದಿನ ಮುಂಜಾನೆ ಗುರಲಿಂಗಪ್ಪ ಬಂದಾಗ ಗ್ಯಾರೇಜಿನಲ್ಲಿ ನಾಲ್ಕಾರು ಜನ ಇದ್ದರು. ಅವರೆಲ್ಲ ಕೇಳಲೆಂದೇ ಭಾಗಪ್ಪ ದನಿ ಎತ್ತರಿಸಿದ.

“ಯಜಮಾನ್ರ, ಎಡಗಡೆ ಮುಂದಿನ ಪಾಟಾ ದಣದೈತ್ರಿ. ಗಾಡಿ ಹ್ಯಾಂಗ ಆ ಕಡೆ ಬಾಗೇತಿ ನೋಡ್ರಿ. ಸೊಲ್ಲಾಪುರದಿಂದ ಹೊಸಾದು ತರಿಸಿ ಹಾಕೂಣು. ಅಲ್ಲೀಮಟ ಗಾಡಿ ಇಲ್ಲೇ ಇರ್ಲಿ.”

“ಸಭಾ ಇವತ್ತೈತಿ, ನೀ ಸೊಲ್ಲಾಪುರ ಅಂತೀಯಲ್ಲೋ!” ಗುರಲಿಂಗಪ್ಪ ನಕ್ಕ. “ಬಂದ ಮ್ಯಾಲ ಹಾಕೀಯಂತ.”

ಇಷ್ಟೇ ಬೇಕಾಗಿತ್ತು. ಸಾಕ್ಷಿಗಳೂ ಆದರು, ಎಚ್ಚರಿಕೆಯೂ ಆಯಿತು.

ಆದರೆ ಗುರಲಿಂಗಪ್ಪ ಕಾರಿನತ್ತ ಹೋಗಲಿಲ್ಲ. ಗ್ಯಾರೇಜಿಗೆ ಹತ್ತಿದ ಮನೆಯ ಬಾಗಿಲಲ್ಲಿ ನಿಂತಿದ್ದ ಭಾಗಪ್ಪನ ತಾಯಿ ರುದ್ರವ್ವನ ಕಾಲಿಗೆ ಬಗ್ಗಿ ನಮಸ್ಕರಿಸಿದ.

“ಯವ್ವಾ, ಇವತ್ತು ಪರಸಪ್ಪನ ಹೆಸರು ಎಲ್ಲಾರಕಿಂತ ಮೊದಲು ತಗೋತೀನಿ. ನೀವು ವೇದಿಕಿ ಮ್ಯಾಲ ಇರಬೇಕ್ರಿ. ನನ್ನ ಕಾರಿನ್ಯಾಗ ಬರ್ರಿ.”

ಮುದುಕಿಯ ಕಣ್ಣು ತುಂಬಿದವು. “ಬರ್ತೀನೋ ಯಪ್ಪಾ. ಸೀರಿ ಬದಲಿಸಿಕೊಂಡು ಬಂದೆ.”

“ಬ್ಯಾಡಬೇ!”

ಭಾಗಪ್ಪನ ದನಿಗೆ ಎಲ್ಲರೂ ತಿರುಗಿ ನೋಡಿದರು. ಅವನು ಎಣ್ಣೆಯ ಕೈಯನ್ನು ಅರಿವೆಗೆ ಒರೆಸಿಕೊಳ್ಳುತ್ತ ದನಿ ತಗ್ಗಿಸಿದ. “ಮೊಣಕಾಲು ಹಿಡದಾವು, ರಾತ್ರಿ ಎಲ್ಲಾ ನರಳ್ಯಾಳ್ರಿ. ರಸ್ತೆ ಬ್ಯಾರೆ ಕೆಟ್ಟೈತಿ. ಅಕಿ ಬರೂದಿಲ್ಲ.”

ರುದ್ರವ್ವ ಮಗನ ಮುಖವನ್ನೇ ನೋಡಿದಳು. ಏನು ಕಂಡಳೋ, ಮತ್ತೆ ಹಟ ಮಾಡಲಿಲ್ಲ. ಒಳಗೆ ಹೋಗಿ, ದೇವರ ಜಗುಲಿಯ ಮೇಲಿಟ್ಟಿದ್ದ ಪರಸಪ್ಪನ ಫೋಟೊ ತಂದಳು. ಅವನದೆಂದು ಆ ಮನೆಯಲ್ಲಿದ್ದದ್ದು ಅದೊಂದೇ.

“ನಾ ಬರದಿದ್ರೂ ಇಂವಾ ಬರ್ಲಿ. ಜ್ವಾಕಿ ತಮ್ಮಾ, ಗಾಜಿಂದೈತಿ.”

ಭಾಗಪ್ಪ ಫೋಟೊದತ್ತ ಕೈ ಚಾಚಿ, ಹಿಂದಕ್ಕೆಳೆದುಕೊಂಡ. ಒಂದೇ ಗಳಿಗೆಯಲ್ಲಿ ಎರಡು ಸಲ ಬೇಡವೆಂದರೆ ಜನ ಏನೆಂದಾರು? ಗುರಲಿಂಗಪ್ಪ ಫೋಟೊವನ್ನು ಪಕ್ಕದ ಸೀಟಿನ ಮೇಲೆ ಒರಗಿಸಿ, ತಂದಿದ್ದ ಹಾರವನ್ನು ಅದಕ್ಕೇ ಹಾಕಿ, ಹೊರಟ. ಕಾರು ಎಡಕ್ಕೆ ತುಸು ವಾಲಿಕೊಂಡು ರಸ್ತೆಗಿಳಿಯಿತು. ಹೊರಳುವಾಗ ಕಿಟಕಿಯಲ್ಲಿ ತಮ್ಮನ ಹಣೆ ಮತ್ತು ಟೊಪಿಗೆ ಭಾಗಪ್ಪನಿಗೆ ಒಮ್ಮೆ ಕಂಡವು.

ಮಧ್ಯಾಹ್ನದ ಬಸ್ಸಿನವರು ಸುದ್ದಿ ತಂದರು. ಡೋಣಿಯ ಇಳಿಜಾರಿನಲ್ಲಿ ಕಾರು ಮಗುಚಿ ಬಿದ್ದಿತ್ತು. ಗುರಲಿಂಗಪ್ಪ ಅಲ್ಲೇ ಮುಗಿದಿದ್ದ. ರುದ್ರವ್ವ ಜೋಳ ಹಸನು ಮಾಡುವ ಮೊರವನ್ನು ಕೆಳಗಿಟ್ಟು, “ಅಯ್ಯ ಶಿವನೇ,” ಎಂದಳು. ಆಮೇಲೆ, ಯಾರನ್ನೂ ನೋಡದೆ ಕೇಳಿದಳು: “ಫೋಟೊ?”

ಭಾಗಪ್ಪ ಎದ್ದು ಗ್ಯಾರೇಜಿಗೆ ಹೋದ.

ಕಾರನ್ನು ಎತ್ತಿನ ಜೋಡಿ ಹೂಡಿ ಎಳೆಸಿ, ಪೊಲೀಸ್ ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ಧಾರವಾಡದಿಂದ ಮೋಟಾರು ಇನ್ಸ್‌ಪೆಕ್ಟರು ಬಂದ ದಿನ ಭಾಗಪ್ಪನಿಗೂ ಕರೆ ಹೋಯಿತು. ಅವನು ಮಡಿ ಧೋತರ ಉಟ್ಟು, ಅಂಜಿಕೆಯಿಲ್ಲದೆ ಹೋದ. ಮುರಿದ ಪಟ್ಟಿ, ಅದರ ಕೆಳಗಿದ್ದ ಪಟ್ಟಿಗಳ ಜೊತೆ, ಮೇಜಿನ ಮೇಲಿತ್ತು. ಅವನು ಎಣಿಸಿದ್ದಂತೆಯೇ ಮುಕ್ಕಾಲು ಕಪ್ಪು, ಅಂಚಿಗಷ್ಟೇ ಹೊಸ ಮುರಿತದ ಬೆಳ್ಳಿ ಮಿನುಗು.

“ಹಳೇ ಬಿರುಕು,” ಫೌಜದಾರ ನಿಟ್ಟುಸಿರಿಟ್ಟ. “ನೀ ಬ್ಯಾಡ ಅಂದಿದ್ದೆಂತ, ಜನ ಹೇಳ್ಯಾರ.”

“ಕೈ ಮುಗದು ಹೇಳಿದ್ನಿರಿ.”

“ಈ ಪಾಟಾ ಎಷ್ಟು ವರ್ಷದ್ದು?” ಇನ್ಸ್‌ಪೆಕ್ಟರು ಕೇಳಿದರು.

ಹಳೆಯದೆಂದು ಗಟ್ಟಿಯಾಗಿ ನಿಲ್ಲಬೇಕಿತ್ತು. ಭಾಗಪ್ಪ ಅದಕ್ಕೂ ಸಿದ್ಧನಾಗಿದ್ದ. “ಕಾರು ತಂದಾಗಿಂದ ಇದ ಪಾಟಾರಿ, ಸಾಹೇಬರ. ಒಂದು ಪಟ್ಟಿನೂ ಬದಲಾಗಿಲ್ಲ. ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಇದಕ್ಕ ಹತ್ತಿಲ್ರಿ.”

ಫೌಜದಾರ ಅದನ್ನು ಹಾಗೆಯೇ ಬರೆದುಕೊಂಡ. ಇನ್ಸ್‌ಪೆಕ್ಟರು ಸೀಮೆಎಣ್ಣೆಯ ಅರಿವೆಯಿಂದ ಮುರಿದ ಪಟ್ಟಿಯ ಹೊಟ್ಟೆಯ ಮಣ್ಣು ತಿಕ್ಕಿ, ಅದನ್ನು ಕೆಳಗಿನ ಎರಡನೆಯ ಪಟ್ಟಿಯ ಮೇಲೆ, ಗಾಡಿಯಲ್ಲಿದ್ದಂತೆಯೇ ಕೂಡಿಸಿದರು. ವರ್ಷಗಟ್ಟಲೆ ಜೊತೆಗಿದ್ದ ಪಟ್ಟಿಗಳು ಒಂದನ್ನೊಂದು ಉಜ್ಜುತ್ತವೆ. ಕೆಳಗಿನದರ ತುದಿ ಮೇಲಿನದರ ಹೊಟ್ಟೆಯಲ್ಲಿ ತೋಡು ಕೊರೆದುಬಿಡುತ್ತದೆ. ಮುರಿದ ಪಟ್ಟಿಯ ಹೊಟ್ಟೆಯಲ್ಲಿಯೂ ಅಂಥ ತೋಡು ಇತ್ತು, ನುಣುಪಾಗಿ, ಆಳವಾಗಿ. ಆದರೆ ಎರಡನೆಯ ಪಟ್ಟಿಯ ತುದಿ ಅದನ್ನು ದಾಟಿ ಎರಡು ಬೆರಳು ಆಚೆಗೆ ಹೋಗಿ, ಸವಕಳಿಯೇ ಇಲ್ಲದ ಹಳೆಯ ತುಕ್ಕಿನ ಮೇಲೆ ಕೂತಿತ್ತು. ಭಾಗಪ್ಪ ಆ ಸೋಮವಾರವಿಡೀ ಪಟ್ಟಿಯ ಬೆನ್ನಿನ ಬಿರುಕನ್ನೇ ನೋಡಿದ್ದ. ಹೊಟ್ಟೆಯನ್ನು ನೋಡುತ್ತಿರುವುದು ಇದೇ ಮೊದಲು. “ಇವೆರಡೂ ಕೂಡಿ ಒಂದು ವಾರದ ದಾರಿನೂ ತುಳಿದಿಲ್ಲ, ಮಿಸ್ತ್ರಿ,” ಎಂದರು ಇನ್ಸ್‌ಪೆಕ್ಟರು, ತಲೆ ಎತ್ತದೆ. “ನಿನ್ನ ಕೈ ಬಿಟ್ಟು ಇದಕ್ಕ ಯಾರ ಕೈನೂ ಹತ್ತಿಲ್ಲ ಅಂದ್ಯಲ್ಲ?”